ಸಾಕು ಎನ್ನುವ ಜಾಗ

ಊಟ ಆಯ್ತಾ ಎಂದು ಕೇಳಿದರೆ ಆಯ್ತು ಎನ್ನಬೇಕು. ನಮ್ಮ ಹುಲ್ಲಹಳ್ಳಿ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾಲೆ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವವರು, ಬಸ್ಸಿನ ಕಿಟಕಿಯಿಂದ ತಲೆ ಹಾಕಿದವರು, ಡೇರಿಗೆ ಹಾಲು ಹಾಕಲು ನಿಂತವರು, ಎಲ್ಲರೂ ಕೇಳುವುದು ಅದನ್ನೇ. ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ. ಹೊಟ್ಟೆ ಖಾಲಿ ಇದ್ದರೂ ಆಯ್ತು ಎಂದು ಹೇಳಿ, ನಿಮ್ಮದಾಯ್ತಾ ಎಂದು ತಿರುಗಿ ಕೇಳಿದರೆ ಮಾತು ಮುಗಿಯಿತು. ನನ್ನ ತಂಗಿ ಮಾತ್ರ ಒಂಬತ್ತನೇ ವಯಸ್ಸಿನಿಂದ ಆ ಪ್ರಶ್ನೆಗೆ ಇಲ್ಲ ಎಂದೇ ಉತ್ತರ ಕೊಟ್ಟಳು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಮನೆಯವರಾದ ನಾವು ಮೊದಮೊದಲು ನಂಬಿದ್ದೆವು. ನಾವು ಸುಳ್ಳು ಹೇಳುತ್ತಿದ್ದೇವೆ ಎಂದು ಊರಿನವರು ಕೊನೆಯವರೆಗೂ ನಂಬಿದರು.

ಅವಳು ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಕಾಯಿಲೆಗೆ ಮುಂಚೆ ಅವಳಿಗೆ ಊಟ ಮಾಡಿಸುವುದೆಂದರೆ ಅವ್ವನಿಗೆ ದೊಡ್ಡ ಕೆಲಸ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ, ಅವಳ ಹಿಂದೆ ಹಿತ್ತಿಲು, ಕೊಟ್ಟಿಗೆ, ಬೀದಿ ಎಲ್ಲ ಸುತ್ತುತ್ತಿದ್ದಳು. ನಾಲ್ಕು ತುತ್ತು ಒಳಗೆ ಹೋಗುವಷ್ಟರಲ್ಲಿ ಅವ್ವನಿಗೇ ಹಸಿವಾಗುತ್ತಿತ್ತು. ಆಮೇಲೆ ಬೆಳಗಿನ ಹೊತ್ತು ತಲೆನೋವು, ವಾಂತಿ ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡು ಬೀಳುತ್ತಿದ್ದಳು; ನೋಡಿಕೊಂಡು ನಡಿಯೇ ಎಂದು ಬೈಯುತ್ತಿದ್ದೆವು. ಪಕ್ಕದ್ದು ಅವಳಿಗೆ ಕಾಣಿಸುತ್ತಲೇ ಇಲ್ಲ ಎಂದು ಗೊತ್ತಾದದ್ದು ನಂಜನಗೂಡಿನ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿದ ಮೇಲೆ. ಅವರು ಮೈಸೂರಿಗೆ ಕಳಿಸಿದರು. ಮೈಸೂರಿನವರು ಸ್ಕ್ಯಾನ್ ಮಾಡಿಸಿ ಬೆಂಗಳೂರಿಗೆ ಕಳಿಸಿದರು. ಮೆದುಳಿನ ಬುಡದಲ್ಲಿ ಒಂದು ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ, ಆದರೆ ಕೂತಿರುವ ಜಾಗ ಒಳ್ಳೆಯದಲ್ಲ ಎಂದರು.

ಆಪರೇಷನ್ ಆಯಿತು. ತಂಗಿ ಉಳಿದಳು. ಐಸಿಯುನಿಂದ ವಾರ್ಡಿಗೆ ತಂದ ಮೇಲೆ ತಲೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮಗು ಅವ್ವನನ್ನು ನೋಡಿ ಹೊಟ್ಟೆ ಹಸಿಯುತ್ತದೆ ಎಂದಿತಂತೆ. ಹುಟ್ಟಿದಾಗಿನಿಂದ ಒಮ್ಮೆಯೂ ತಾನಾಗಿ ಅನ್ನ ಕೇಳದವಳು ಅನ್ನ ಕೇಳಿದ್ದಳು. ಅವ್ವ ಅಕ್ಕಪಕ್ಕದ ಮಂಚದವರಿಗೆಲ್ಲ ಹೇಳಿಕೊಂಡು ಅತ್ತಳು. ಊರಿಗೆ ಬಂದ ಮೇಲೂ ಅಷ್ಟೇ. ಕೇಳಿದ್ದನ್ನೆಲ್ಲ ಮಾಡಿ ಹಾಕಿದಳು. ಕಾಯಿಲೆ ಬಿದ್ದೆದ್ದ ಮಗು, ಮೈ ತುಂಬಿಕೊಳ್ಳಲಿ ಎಂದು ನೋಡಲು ಬಂದವರೆಲ್ಲ ರಸಬಾಳೆ, ಕಡ್ಲೆಪುರಿ, ಬನ್ನು ತಂದು ಕೈಗಿಟ್ಟರು. ಆ ಕೆಲವು ತಿಂಗಳು ನಮ್ಮ ಮನೆಯಲ್ಲಿ ಇದ್ದಷ್ಟು ಸಂತೋಷ ಮತ್ತೆಂದೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹಸಿವು ನಿಲ್ಲಲಿಲ್ಲ. ತಟ್ಟೆ ತೊಳೆದಿಟ್ಟ ಕೈ ಒಣಗುವ ಮೊದಲೇ ಮತ್ತೆ ಕೇಳುತ್ತಿದ್ದಳು. ಲಂಗಗಳೆಲ್ಲ ಬಿಗಿಯಾದವು, ಹೊಸದಾಗಿ ಹೊಲಿಸಿದವೂ ಬಿಗಿಯಾದವು. ನೆನೆಸಿಟ್ಟ ಅಕ್ಕಿ ತಿಂದಳು. ಹಸಿ ಹಿಟ್ಟು ತಿಂದಳು. ಒಂದು ದಿನ ಹಸುವಿಗೆ ಕಲಸಿಟ್ಟಿದ್ದ ಬೂಸದ ಬಕೆಟ್ಟಿನೊಳಗೆ ಕೈ ಹಾಕಿದ್ದನ್ನು ಅಪ್ಪ ನೋಡಿ ಹೊಡೆದ. ಹೊಡೆಸಿಕೊಳ್ಳುತ್ತಲೇ ಬಾಯಲ್ಲಿದ್ದದ್ದನ್ನು ಅಗಿಯುತ್ತಿದ್ದಳು. ಅಪ್ಪ ಕೋಲು ಬಿಸಾಡಿ ಗದ್ದೆಗೆ ಹೋದವನು ಊಟಕ್ಕೆ ಬರಲಿಲ್ಲ.

ಮುಂದಿನ ಸಲ ತಪಾಸಣೆಗೆ ಬೆಂಗಳೂರಿಗೆ ಹೋದಾಗ ನಾನೂ ಜೊತೆಗೆ ಹೋದೆ. ನಂಜನಗೂಡಿನಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೆನಲ್ಲ, ಡಾಕ್ಟರ ಮಾತು ನನಗೆ ಅರ್ಥವಾಗುತ್ತದೆ ಎಂದು ಮನೆಯವರ ನಂಬಿಕೆ. ಡಾಕ್ಟರು ತಾಳ್ಮೆಯ ಮನುಷ್ಯ. ಕಾಗದದ ಮೇಲೆ ತಲೆಯ ಚಿತ್ರ ಬರೆದು ತೋರಿಸಿದರು. ಮೂಗಿನ ಬುಡದಿಂದ ನೇರ ಒಳಕ್ಕೆ ಹೋದರೆ, ಎರಡು ಕಿವಿಗಳ ನಡುವೆ, ಬಾದಾಮಿ ಬೀಜದಷ್ಟು ಜಾಗ. ಹೈಪೋಥಲಾಮಸ್ ಎಂದು ಅದರ ಹೆಸರು. ಮೈಯಲ್ಲಿರುವ ಕೊಬ್ಬು ಒಂದು ರಸ ಬಿಡುತ್ತದೆ, ಅದು ರಕ್ತದಲ್ಲಿ ಸೇರಿ ಅಲ್ಲಿಗೆ ಹೋಗಿ, ಉಳಿತಾಯ ಬೇಕಾದಷ್ಟಿದೆ ಎಂದು ಹೇಳುತ್ತದೆ. ಹೊಟ್ಟೆ, ಕರುಳು ತಮ್ಮ ಸುದ್ದಿ ಕಳಿಸುತ್ತವೆ. ಎಲ್ಲವನ್ನೂ ಕೇಳಿಸಿಕೊಂಡು ಆ ಜಾಗ ಎರಡು ತೀರ್ಮಾನ ಮಾಡುತ್ತದೆ: ಇನ್ನೂ ತಿನ್ನಬೇಕೋ ಸಾಕೋ, ತಿಂದದ್ದನ್ನು ಉರಿಸಬೇಕೋ ಉಳಿಸಬೇಕೋ. ಗಡ್ಡೆ ಕೂತಿದ್ದು ಅಲ್ಲೇ. ಗಡ್ಡೆ ತೆಗೆದಾಗ ಆ ಜಾಗಕ್ಕೂ ಏಟು ಬಿದ್ದಿತ್ತು. ತೆಗೆಯದೆ ಬಿಟ್ಟಿದ್ದರೆ ಮಗು ಉಳಿಯುತ್ತಿರಲಿಲ್ಲ. ಇನ್ನು ಸುದ್ದಿ ಎಷ್ಟು ಬಂದರೂ ಕೇಳಿಸಿಕೊಳ್ಳುವವರಿಲ್ಲ. ಮೈಯಲ್ಲಿ ಎಷ್ಟೇ ತುಂಬಿರಲಿ, ಮೆದುಳಿನ ಲೆಕ್ಕದಲ್ಲಿ ಅವಳು ಬರಗಾಲದಲ್ಲಿದ್ದಾಳೆ. ಅದಕ್ಕೇ ತಿನ್ನು ತಿನ್ನು ಎನ್ನುತ್ತದೆ, ಅದಕ್ಕೇ ಮೈಯ ಬಿಸಿ ಕಡಿಮೆ ಮಾಡಿ, ಮಲಗಿಸಿ, ತಿಂದದ್ದನ್ನೆಲ್ಲ ಕೂಡಿಡುತ್ತದೆ. ಬೇರೆ ಮಕ್ಕಳ ಅರ್ಧದಷ್ಟು ತಿಂದರೂ ಇವಳು ದಪ್ಪವಾಗುತ್ತಾಳೆ. ಹೀಗೇ ಬಿಟ್ಟರೆ ಉಸಿರಾಟ, ಹೃದಯ ಎಲ್ಲಕ್ಕೂ ಕಷ್ಟ ಎಂದರು. ಮೈಗೆ ಬೇಕಾದ ಕೆಲವು ರಸಗಳು ಇನ್ನು ತಾವಾಗಿ ಊರುವುದಿಲ್ಲ, ಬದುಕಿರುವವರೆಗೆ ದಿನವೂ ಅದರ ಮಾತ್ರೆ ಬೇಕು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೂ ಹೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಮ್ಮ ತಾತನ ಕಾಲದಲ್ಲಿ ರಾಗಿ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು, ಅದರ ಗುರುತು ನಮ್ಮ ಅಂಗಳದಲ್ಲಿ ಇನ್ನೂ ಇದೆ. ಅದನ್ನೇ ಹಿಡಿದುಕೊಂಡು ಹೇಳಿದೆ. ಹಗೇವು ತುಂಬಿದೆ ಎಂದು ಹೇಳುವವನು ಬಂದು ಬಾಗಿಲು ತಟ್ಟುತ್ತಿದ್ದಾನೆ, ಒಳಗಿನ ಯಜಮಾನನಿಗೆ ಕಿವಿ ಕೇಳುವುದಿಲ್ಲ, ಅವನು ರಾಗಿ ಇಲ್ಲ ಎಂದೇ ಕೂತಿದ್ದಾನೆ ಎಂದೆ. ಅವ್ವ ನಿದ್ದೆ ಹೋಗಿದ್ದ ತಂಗಿಯ ತಲೆಯನ್ನು ತನ್ನ ತೊಡೆಯ ಮೇಲೆ ಸರಿ ಮಾಡಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಅಂಗಾರೆ ಇವಳ್ಗೆ ದಿಟವಾಗ್ಲೂ ಅಸೀತದಾ?"

ಹೌದು ಎಂದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ಕಳ್ಳಿ, ಹೊಟ್ಟೆಬಾಕಿ ಎಂದುಕೊಂಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಗದರಿಸಬಹುದಿತ್ತು, ಬುದ್ಧಿ ಹೇಳಬಹುದಿತ್ತು. ಈಗ ನಿಜವಾಗಿ ಹಸಿದ ಮಗುವಿಗೆ ಅನ್ನ ಇಲ್ಲ ಎನ್ನಬೇಕು. ಹಸಿದವರು ಬಾಗಿಲಿಗೆ ಬಂದರೆ ತನ್ನ ಪಾಲನ್ನೂ ಎತ್ತಿ ಕೊಡುತ್ತಿದ್ದ ಹೆಂಗಸು ಅವಳು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಡುಗೆಮನೆಗೆ ಬಾಗಿಲೇ ಇರುವುದಿಲ್ಲ, ಬರೀ ಚೌಕಟ್ಟು. ಅಪ್ಪ ಆಚಾರಿಯನ್ನು ಕರೆಸಿ ಬಾಗಿಲು ಕೂರಿಸಿದ. ಬೀಗದ ಕೈಯನ್ನು ಅವ್ವ ತಾಳಿಯ ದಾರಕ್ಕೆ ಕಟ್ಟಿಕೊಂಡಳು. ಅಳತೆಗೆ ಒಂದು ಸಣ್ಣ ಲೋಟ ಇಟ್ಟುಕೊಂಡಳು. ಒಗ್ಗರಣೆಯ ವಾಸನೆಗೆ ತಂಗಿ ಬಾಗಿಲು ಬಡಿಯುತ್ತಾಳೆಂದು ಒಗ್ಗರಣೆ ನಿಂತಿತು. ಹಬ್ಬಗಳಲ್ಲಿ ಕಜ್ಜಾಯ, ಒಬ್ಬಟ್ಟು ನಿಂತವು. ನಾವು ಒಬ್ಬೊಬ್ಬರೇ, ಅವಳು ಮಲಗಿದಾಗ, ಸದ್ದಿಲ್ಲದೆ ಉಣ್ಣುವುದು ಕಲಿತೆವು. ಅವ್ವ ಕೊಟ್ಟಿಗೆಯಲ್ಲಿ ಹಸುವಿನ ಮರೆಗೆ ನಿಂತು ತಣ್ಣನೆಯ ಮುದ್ದೆ ನುಂಗಿ ಬರುತ್ತಿದ್ದಳು. ಎಷ್ಟೋ ದಿನ ಅದೂ ಇಲ್ಲ. ಮಗಳು ಒಂದು ಕಡೆ ಬೆಳೆಯುತ್ತಿದ್ದರೆ ತಾಯಿ ಇನ್ನೊಂದು ಕಡೆ ಸವೆಯುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ನೋಡಿದವರಿಗೆ ಅನುಮಾನವೇನೂ ಬಂದಿರಬಾರದಿತ್ತು. ಆದರೂ ಬಂತು.

ತಂಗಿ ಬೀದಿಗೆ ಹೋಗುತ್ತಿದ್ದಳು. ಊಟ ಆಯ್ತಾ ಎಂದು ಯಾರೋ ಎಂದಿನಂತೆ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದಳು. ಇಲ್ಲ ಎಂದ ಮಗುವನ್ನು ಹಾಗೇ ಕಳಿಸುವ ಮನೆ ನಮ್ಮೂರಿನಲ್ಲಿ ಇಲ್ಲ. ಅಕ್ಕಿರೊಟ್ಟಿ, ನಿನ್ನೆಯ ಸಾರು, ಹೆಸರುಬೇಳೆ ಪಾಯಸ, ಇದ್ದದ್ದು ಕೊಡುತ್ತಿದ್ದರು. ಅವ್ವ ಮನೆಮನೆಗೆ ಹೋಗಿ ಕೈಮುಗಿದು ಹೇಳಿ ಬಂದಳು: ಕೊಡಬೇಡಿ, ಅವಳ ಜೀವಕ್ಕೆ ಅಪಾಯ. ಎಲ್ಲರೂ ತಲೆಯಾಡಿಸಿದರು. ಮಾರನೆಯ ದಿನ ಮತ್ತೆ ಕೊಟ್ಟರು. ಹೆತ್ತವಳೇ ಅನ್ನಕ್ಕೆ ಬೀಗ ಹಾಕವಳೆ ಎಂಬ ಮಾತು ಬಾವಿಕಟ್ಟೆಯಿಂದ ಹೊರಟು, ಡೇರಿ ದಾಟಿ, ನಮ್ಮ ಜಗಲಿಗೇ ಬಂತು. ಮೆದುಳಲ್ಲಿ ಒಂದು ಜಾಗ ಇದೆ ಎಂದು ನಾನು ಹೇಳಹೋದರೆ, ಓದಿದವಳು ಏನೋ ಹೇಳುತ್ತಾಳೆ ಎಂದು ನಗುತ್ತಿದ್ದರು. ಹಸಿವು ಇರುವುದು ಹೊಟ್ಟೆಯಲ್ಲಿ ಎಂದು ಎಮ್ಮೆ ಕಾಯುವವರಿಗೂ ಗೊತ್ತಲ್ಲ! ಕೆಟ್ಟವರ ಕಾಟವನ್ನಾದರೂ ಜಗಳ ಆಡಿ ತಡೆಯಬಹುದು. ಒಳ್ಳೆಯವರ ಕಾಟಕ್ಕೆ ಏನು ಮಾಡುವುದು? ನನಗೆ ಇವತ್ತಿಗೂ ಯಾರಾದರೂ ಬಲವಂತ ಮಾಡಿ ಬಡಿಸಲು ಬಂದರೆ ಮೈ ಉರಿಯುತ್ತದೆ. ನೆಂಟರ ಮನೆಗಳಲ್ಲಿ ನನಗೆ ಜಂಬ ಎಂಬ ಹೆಸರಿದೆ.

ದೇವರಿಗೂ ಹೇಳಿಕೊಂಡೆವು. ನಂಜನಗೂಡಿನ ದೇವರು ರೋಗ ಕಳೆಯುವವನು, ವಾಸಿಯಾಗಲಿ ಎಂದು ಹರಕೆ ಹೊತ್ತವರು ಕಪಿಲೆಯಲ್ಲಿ ಮಿಂದು ಹೊಳೆಗೆ ಬೆಲ್ಲ ಬಿಡುತ್ತಾರೆ. ಬೆಲ್ಲ ಕರಗಿದ ಹಾಗೆ ಕಾಯಿಲೆ ಕರಗಲಿ ಎಂದು. ರೋಗಿಯ ಕೈಯಿಂದಲೇ ಬಿಡಿಸಬೇಕು ಎಂದು ಅವ್ವನಿಗೆ ಯಾರೋ ಹೇಳಿದ್ದರು. ಆಗ ತಂಗಿಗೆ ಹದಿನಾರು ಇರಬಹುದು. ಅವ್ವ ಅಚ್ಚು ಬೆಲ್ಲ ಒಡೆದು ಅವಳ ಕೈಗೆ ಕೊಟ್ಟಳು. ತಂಗಿ ಮೊಣಕಾಲುದ್ದ ನೀರಿನಲ್ಲಿ ನಿಂತಳು. ಕೈ ಚಾಚಿದಳು. ಬೆರಳು ಬಿಚ್ಚಲಿಲ್ಲ. ಅವಳು ಬಾಯಿಗೂ ಹಾಕಿಕೊಳ್ಳಲಿಲ್ಲ. ತಿನ್ನಬಾರದು ಎಂದು ಅವಳಿಗೆ ಗೊತ್ತಿತ್ತು. ಮುಷ್ಟಿ ಹಿಡಿದು ನಿಂತು ನಮ್ಮನ್ನು ನೋಡುತ್ತಾ ಅಳುತ್ತಿದ್ದಳು, ಬಿಡಲು ಆಗುತ್ತಿಲ್ಲ ಎನ್ನುತ್ತಿದ್ದಳು. ಸ್ನಾನಕ್ಕೆ ಬಂದವರು ನಿಂತು ನೋಡತೊಡಗಿದರು. ಒಬ್ಬಿಬ್ಬರು ನಕ್ಕರು. ಒದ್ದೆ ಕೈಯೊಳಗೆ ಬೆಲ್ಲ ಕರಗಿ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಕೊನೆಗೆ ತಡೆಯಲಾರದೆ ಅದನ್ನು ನೆಕ್ಕಿದಳು. ಅಪ್ಪ ಮುಖ ತಿರುಗಿಸಿದ. ಅವ್ವ ಮಾತ್ರ ನೀರಿಗಿಳಿದು ಅವಳ ಕೈ ತೊಳೆದು, ಹೊಳೆಯಲ್ಲಿ ಕರಗಿದರೂ ಒಂದೇ ಇವಳ ಕೈಯಲ್ಲಿ ಕರಗಿದರೂ ಒಂದೇ, ದೇವರು ನೋಡಿದ್ದಾನೆ ಎಂದು ಹೇಳಿ ದಡಕ್ಕೆ ಕರೆತಂದಳು.

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿ, ಮದುವೆಯಾಗಿ, ಟಿ. ನರಸೀಪುರದಲ್ಲಿ ಮನೆ ಮಾಡಿದೆ. ಊರಿನವರ ಕೈಯಿಂದ ತಪ್ಪಿಸೋಣವೆಂದು ತಂಗಿಯನ್ನು ನನ್ನ ಜೊತೆಗೆ ಕರೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ನಾನು ಬುದ್ಧಿ ಕಲಿತಿದ್ದೆ. ಮೆದುಳಿನ ಸುದ್ದಿಗೇ ಹೋಗಲಿಲ್ಲ. ಇವಳಿಗೆ ಸಕ್ಕರೆ ಕಾಯಿಲೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟೆ. ಆಹಾ, ಸಕ್ಕರೆಗೆ ಇರುವ ಮರ್ಯಾದೆಯೇ! ಒಬ್ಬರೂ ತಿಂಡಿ ಕೊಡಲಿಲ್ಲ. ಪಾಪ ಈ ವಯಸ್ಸಿಗೇ ಶುಗರ್ರಾ ಎಂದು, ಕೊಡುವುದಿರಲಿ, ತಮ್ಮ ಮನೆಯ ತಟ್ಟೆಯನ್ನೂ ಮುಚ್ಚಿಡುತ್ತಿದ್ದರು. ಹುಲ್ಲಹಳ್ಳಿಯಲ್ಲಿ ಇಷ್ಟು ವರ್ಷ ನಿಜ ಹೇಳಿ ಆಗದ ಕೆಲಸ ಇಲ್ಲಿ ಒಂದು ಸುಳ್ಳಿನಿಂದ ಆಯಿತು.

ಆ ವರ್ಷಗಳಲ್ಲಿ ಅವಳನ್ನು ನಾನು ಹೊಸದಾಗಿ ನೋಡಿದೆ. ಊರಿನಲ್ಲಿ ಅವಳು ಬರೀ ಒಂದು ಕಾಯಿಲೆ ಆಗಿಬಿಟ್ಟಿದ್ದಳು. ಇಲ್ಲಿ ಅವಳೊಬ್ಬ ಹೆಂಗಸು. ಎರಡು ಹೆಜ್ಜೆ ನಡೆದರೆ ಏದುಸಿರು, ಮಧ್ಯಾಹ್ನವಾದರೆ ನಿದ್ದೆ, ಬೇಸಿಗೆಯಲ್ಲೂ ತಣ್ಣನೆಯ ಕೈ. ಆದರೆ ಮಾತು ಮಾತ್ರ ಚುರುಕು. ನನ್ನ ಗಂಡ ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ನೋಡಿ, ಭಾವ, ಉಸಿರು ಬಿಡಿ, ಸತ್ತೋಗ್ಬುಟ್ಟೀರಿ ಎನ್ನುತ್ತಿದ್ದಳು. ಕಿಟಕಿಯ ಪಕ್ಕ ಕೂತು ಮೊಗ್ಗು ಕಟ್ಟಿ ಹೂವಿನ ಅಂಗಡಿಗೆ ಕೊಡುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ, ಹೂ ಕಟ್ಟುತ್ತಾ ಕೂತಿದ್ದವಳನ್ನು ಹಸಿವು ಎಂದರೆ ನಿನಗೆ ಹೇಗಿರುತ್ತದೆ ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಎಷ್ಟು ತಿಂದೆ, ಯಾಕೆ ತಿಂದೆ, ಎಲ್ಲಿ ತಿಂದೆ ಎಂದಷ್ಟೇ ಕೇಳಿದ್ದೆವು. ಅವಳು ಸ್ವಲ್ಪ ಯೋಚಿಸಿ, ಪಕ್ಕದ ಕ್ಲಾಸಿನಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರೆ ನೀನು ಪಾಠ ಮಾಡಲು ಒದ್ದಾಡುತ್ತೀಯಲ್ಲ, ಹಾಗೆ ಎಂದಳು. ಯಾವಾಗಲೂ ಗಲಾಟೆ, ಕನಸಿನಲ್ಲಿಯೂ. ಮಾತಾಡುತ್ತಿದ್ದರೂ ಅದರ ಮೇಲೆಯೇ ಮಾತಾಡಬೇಕು. ಆಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ನನ್ನ ಕಡೆ ನೋಡದೆ ಹೇಳಿದಳು:

"ನಂಗೆ ತಿನ್ಬೇಕು ಅಂತ ಆಸೆ ಇಲ್ಲ ಕಣಕ್ಕ. ಒಂದ್ಸಲ, ಒಂದೇ ಒಂದ್ಸಲ, ಸಾಕು ಅನ್ನಿಸ್ಬೇಕು."

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಅಳು ನಿಂತ ಮೇಲೆ ಈಚೆ ಬಂದೆ.

ಹತ್ತನೇ ಕ್ಲಾಸಿಗೆ ಮೆದುಳಿನ ಪಾಠ ಮಾಡುವಾಗ ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ಎಲ್ಲ ಭಾಗಗಳಿಗೂ ಸಲೀಸಾಗಿ ಗೆರೆ ಎಳೆದು ಹೆಸರು ಬರೆಯುವ ನಾನು ಆ ಒಂದು ಜಾಗಕ್ಕೆ ಬಂದಾಗ ತಡವರಿಸುತ್ತೇನೆ. ಹಸಿವು, ನಿದ್ದೆ, ಮೈಯ ಬಿಸಿ ಎಂದು ಬರೆಸಿ ಮುಂದೆ ಹೋಗುತ್ತೇನೆ. ಸಾಕು ಎನ್ನುವುದೂ ಮೈಯ ಕೆಲಸ, ಅದನ್ನು ನಾವು ನಮ್ಮ ಒಳ್ಳೆಯ ಗುಣ ಎಂದುಕೊಂಡು ಬೀಗುತ್ತೇವೆ ಎಂದು ಮಕ್ಕಳಿಗೆ ಹೇಳಬೇಕು ಅನ್ನಿಸುತ್ತದೆ. ಪರೀಕ್ಷೆಗೆ ಬರದ ಮಾತು. ಹೇಳುವುದಿಲ್ಲ.

ನನ್ನ ಮನೆಯಲ್ಲಿ ಅವಳು ಸ್ವಲ್ಪ ಇಳಿದಳು. ಆದರೆ ಅವ್ವನಿಗೆ ಮಗಳನ್ನು ಬಿಟ್ಟಿರಲು ಆಗಲಿಲ್ಲ, ಮಗಳಿಗೂ ಅವ್ವನನ್ನು ಬಿಟ್ಟಿರಲು ಆಗಲಿಲ್ಲ. ಬೀಗ ಹಾಕುವ ಅವ್ವನೇ ಅವಳಿಗೆ ಬೇಕಾಗಿತ್ತು. ಒಂದು ಯುಗಾದಿಗೆ ಊರಿಗೆ ಹೋದವಳು ಅಲ್ಲೇ ಉಳಿದಳು. ನಾನು ರಜೆಗಳಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಮೂವತ್ತು ದಾಟುವಷ್ಟರಲ್ಲಿ ಅವಳು ಗೋಡೆಗೆ ಒರಗಿಯೇ ಮಲಗಬೇಕಾಗಿತ್ತು. ನೆಲಕ್ಕೆ ಮಲಗಿದರೆ ಉಸಿರು ಕಟ್ಟುತ್ತಿತ್ತು.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ದಿನ, ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದು ಕೂತಿದ್ದಾಗ ಅವ್ವನ ಫೋನು ಬಂತು. ಅವ್ವನ ದನಿ ಹಾಗೆ ಇದ್ದದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಬೆಳಿಗ್ಗೆ ತಂಗಿಗೆ ಸ್ವಲ್ಪ ಮೈ ಬಿಸಿ ಇತ್ತಂತೆ. ಮುದ್ದೆ ಕೊಟ್ಟರೆ ಅರ್ಧ ತಿಂದು, ಇನ್ನರ್ಧ ಬಿಟ್ಟು, ತಟ್ಟೆಯನ್ನು ತಾನೇ ಹಿಂದಕ್ಕೆ ತಳ್ಳಿದಳಂತೆ.

"ಸಾಕವ್ವ ಅಂದ್ಲು ಕಣವ್ವ. ನಾನ್ ಏಳಿಕೊಟ್ಟಿದ್ದಲ್ಲ, ಅವ್ಳೇ ಅಂದ್ಲು."

ಅವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಡುಗೆಮನೆಯ ಬೀಗ ತೆಗೆದುಬಿಟ್ಟೆ ಎಂದಳು. ಅಪ್ಪ ಆಗಲೇ ಹಣ್ಣುಕಾಯಿ ಮಾಡಿಸಲು ನಂಜನಗೂಡಿನ ಬಸ್ಸು ಹತ್ತಿದ್ದಾನೆ ಎಂದಳು. ಹೊಳೆಗೆ ಬಿಟ್ಟ ಬೆಲ್ಲದ ಫಲ ಕೊನೆಗೂ ಸಿಕ್ಕಿತು ಎಂದಳು. ನಾನು ಡಬ್ಬಿ ಮುಚ್ಚಿದೆ. ವಾಂತಿ ಆಯಿತಾ, ಮಾತ್ರೆ ನುಂಗಿದಳಾ ಎಂದು ಕೇಳಿದೆ. ಒಂದು ಸಲ ಆಯಿತು, ಮಾತ್ರೆಯೂ ಈಚೆ ಬಂತು, ಪಿತ್ತ ಇರಬೇಕು ಎಂದಳು. ಈಗಲೇ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋಗಿ, ಒಂದು ಗಳಿಗೆ ತಡ ಮಾಡಬೇಡಿ ಎಂದು ಕೂಗಿದೆ. ಅವ್ವನಿಗೆ ಬೇಸರವಾಯಿತು.

"ಅಸಿದ್ರೂ ಆಸ್ಪತ್ರೆ, ಅಸೀದಿದ್ರೂ ಆಸ್ಪತ್ರೆನಾ? ಒಂದಿನ ಮಗ ನೆಮ್ಮದಿಯಾಗಿ ಮಲಗವ್ಳೆ, ಮಲಗ್ಲಿ ಬುಡು."

ಆಪರೇಷನ್ ಆದಾಗ ಹಸಿವು ಬಂತೆಂದು ನಾವೆಲ್ಲ ಹಿಗ್ಗಿದ್ದೆವು. ಅದು ಕಾಯಿಲೆಯಾಗಿತ್ತು. ಈಗ ಹಸಿವು ಹೋಯಿತೆಂದು ಅವ್ವ ಹಿಗ್ಗುತ್ತಿದ್ದಳು. ನಾನು ಊರಿನಲ್ಲಿ ಅವ್ವನ ಪಕ್ಕದ ಮನೆಯವರಿಗೆ ಫೋನು ಮಾಡಿ ಗೋಗರೆದು, ಅವರು ಕಾರು ತಂದು ನಿಲ್ಲಿಸಿ, ಅವ್ವ ಒಲ್ಲದ ಮನಸ್ಸಿನಿಂದ ಮಗಳಿಗೆ ಸೀರೆ ಸುತ್ತುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನಾನು ಬಸ್ಸು ಬದಲಾಯಿಸಿ ನಂಜನಗೂಡಿಗೆ ಬಂದಾಗ ಅವರು ಅಲ್ಲಿಂದ ಮೈಸೂರಿಗೆ ಹೊರಟಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ತಂಗಿ ಕಣ್ಣು ಬಿಟ್ಟಳು. ಮಾಸ್ಕ್ ಹಾಕಿ ಆಕ್ಸಿಜನ್ ಕೊಡುತ್ತಿದ್ದರು. ಗಲಾಟೆ ಇದೆಯಾ ಎಂದು ಕಿವಿಯ ಹತ್ತಿರ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಮಾರನೆಯ ದಿನ ಹೋಗಿಬಿಟ್ಟಳು.

ಕಫ ಶ್ವಾಸಕೋಶವನ್ನು ಪೂರ್ತಿ ಹಿಡಿದಿತ್ತು, ಬೆಳಿಗ್ಗೆಯೇ ತಂದಿದ್ದರೂ ಏನಾಗುತ್ತಿತ್ತೋ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಅದನ್ನು ಅವ್ವನ ಮುಂದೆ ಎರಡೆರಡು ಸಲ ಹೇಳಿಸಿದೆ. ಅವ್ವ ಕೇಳಿಸಿಕೊಂಡಳು. ಊರಿಗೆ ಬಂದು ಎಲ್ಲ ಮುಗಿದ ಮೇಲೆ, ಹಿತ್ತಿಲ ಕಲ್ಲಿನ ಮೇಲೆ ಕೂತು ನನ್ನನ್ನು ಒಂದು ಮಾತು ಕೇಳಿದಳು: ಆವತ್ತು ಅವಳು ಸಾಕು ಅಂದಳಲ್ಲ, ಅದು ಅವಳು ಅಂದದ್ದೋ ಜ್ವರ ಅಂದದ್ದೋ? ಸೋಂಕು ಜೋರಾದಾಗ, ಮೈಗೆ ಬೇಕಾದ ಮಾತ್ರೆ ನಿಲ್ಲದೆ ಹೋದಾಗ, ಹಸಿವು ಬೇರೆ ದಾರಿಯಿಂದ ಕೆಡುತ್ತದೆ ಎಂದು ನಾನು ಓದಿದ್ದೇನೆ. ಅವಳೇ ಅಂದದ್ದು ಅವ್ವ ಎಂದೆ. ನನಗೆ ನಿಜವಾಗಿ ಗೊತ್ತಿಲ್ಲ. ಅಕಸ್ಮಾತ್ ಜ್ವರದ್ದೇ ಆಗಿದ್ದರೂ, ಅವಳಿಗೆ ಅದು ಸಿಕ್ಕಿತ್ತಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಅದೇ ವರ್ಷ ಪಿತೃಪಕ್ಷ ಬಂತು. ಸತ್ತವರಿಗೆಲ್ಲ ಎಡೆ ಇಡುವ ಹಬ್ಬ. ನಮ್ಮ ಕಡೆ ಇದನ್ನು ಹಿರಿಯರ ಹಬ್ಬ ಎನ್ನುತ್ತಾರೆ. ಮನೆಗೆಲ್ಲ ಕಿರಿಯವಳಾದ ನನ್ನ ತಂಗಿ ಆ ಸಲ ಹಿರಿಯರ ಸಾಲಿನಲ್ಲಿ ಕೂತಳು. ನಡುಮನೆಯಲ್ಲಿ ಹೊಸ ಸೀರೆ ಮಡಿಸಿಟ್ಟು, ಫೋಟೋ ಇಟ್ಟು, ಮುಂದೆ ಬಾಳೆಯೆಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರಬೇಕು. ಒಳಗೆ ಸತ್ತವರು ಬಂದು ಉಣ್ಣುತ್ತಾರೆ. ಅವರು ಉಂಡು ಏಳುವವರೆಗೆ ಬದುಕಿರುವವರು ಯಾರೂ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮನೆಯ ಯಜಮಾನ ಕೆಮ್ಮಿ ಬಾಗಿಲು ತೆಗೆಯುತ್ತಾನೆ.

ಅಡುಗೆಯನ್ನು ಚಿಕ್ಕಮ್ಮ ಮಾಡಿದಳು. ಕೋಳಿಸಾರು, ವಡೆ, ಪಾಯಸ, ಬುಟ್ಟಿ ತುಂಬ ಕಜ್ಜಾಯ. ತಂಗಿಯ ಎಲೆಗೆ ಅವಳು ಕೈ ಬಿಚ್ಚಿ ಬಡಿಸಿದಳು. ಕಜ್ಜಾಯ ಒಂದರ ಮೇಲೊಂದು ಪೇರಿಸಿದಳು. ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಎಲೆಯನ್ನು ನೋಡಿದಳು. ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಏನೂ ಹೇಳದೆ, ಎಲೆಯಿಂದ ಅನ್ನ ತೆಗೆಯತೊಡಗಿದಳು. ಕಜ್ಜಾಯಗಳನ್ನು ಎತ್ತಿ ಬುಟ್ಟಿಗೆ ಹಾಕಿದಳು. ಅರ್ಧ ಮಾತ್ರ ಉಳಿಸಿ, ಒಂದು ವಡೆಯನ್ನೂ ಮುರಿದಳು. ಇಷ್ಟೊಂದೆಲ್ಲ ಅವಳಿಗೆ ಆಗುವುದಿಲ್ಲ, ಉಸಿರು ಕಟ್ಟುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಸೌಟು ಹಿಡಿದು ಹಾಗೇ ನಿಂತಳು. ಅವ್ವ ತಲೆ ಎತ್ತಿ ನಮ್ಮ ಮುಖಗಳನ್ನು ನೋಡಿದಳು, ಆಮೇಲೆ ಫೋಟೋ ನೋಡಿದಳು. ಅವಳ ಕೈ ನಿಂತಿತು. ಮುರಿದ ವಡೆಯ ತುಂಡು ಇನ್ನೂ ಬೆರಳಲ್ಲಿತ್ತು.

ಎದ್ದು ಅಡುಗೆಮನೆಗೆ ಹೋದಳು. ಬುಟ್ಟಿಯ ಕಜ್ಜಾಯವನ್ನೆಲ್ಲ ತಂದು ಎಲೆಗೆ ಸುರಿದಳು. ಪಾಯಸದ ಪಾತ್ರೆಯನ್ನು ಹಾಗೇ ತಂದಿಟ್ಟಳು. ಅನ್ನದ ತಪ್ಪಲೆಯನ್ನೂ ತಂದಳು. ಎಲೆ ತುಂಬಿ ನೆಲಕ್ಕೆ ಹೋಯಿತು. ನೆಂಟರಿಗೆ ಉಳಿಯಬೇಕಲ್ಲ ಎಂದು ಯಾರೂ ಹೇಳಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ನಾವು ಜಗಲಿಯಲ್ಲಿ ಕಾದೆವು. ಎಂದಿನಷ್ಟು ಹೊತ್ತಾಯಿತು. ಅಪ್ಪ ಎದ್ದು ಬಾಗಿಲ ಹತ್ತಿರ ಬಂದು ಕೆಮ್ಮಿದ. ಅವ್ವ ಜಾಗ ಬಿಡಲಿಲ್ಲ.

"ಅವಸ್ರ ಮಾಡ್ಬ್ಯಾಡಿ. ಇಷ್ಟು ದಿನ ನನ್ ಕಣ್ಣಿಗೆ ಎದ್ರಿ ಕದ್ದು ಕದ್ದು ತಿಂದ್ಲು. ಇವತ್ತು ಕೂತ್ಕೊಂಡು ನಿಧಾನಕ್ ತಿನ್ಲಿ."

ಅಪ್ಪ ಮತ್ತೆ ಬಂದು ಕುಳಿತ. ಹೊತ್ತು ಹೋಯಿತು. ಬೇರೆ ಮನೆಗಳಲ್ಲಿ ಊಟ ಮುಗಿದು ಕೈ ತೊಳೆಯುವ ಸದ್ದು ಕೇಳಿಸುತ್ತಿತ್ತು. ಚಿಕ್ಕಮ್ಮನ ಮೊಮ್ಮಕ್ಕಳು ಅನ್ನಕ್ಕೆ ಅಳತೊಡಗಿದರು, ಚಿಕ್ಕಮ್ಮ ಅವರ ಬಾಯಿ ಮುಚ್ಚಿಸಿದಳು. ನನ್ನ ಹೊಟ್ಟೆ ಗುರುಗುಟ್ಟಿತು. ಬಾಗಿಲು ತೆಗೆಯಿರಿ ಎಂದು ಯಾರೂ ಕೇಳಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಎಲ್ಲರೂ ಹಸಿದಿದ್ದೆವು, ಅವಳೊಬ್ಬಳನ್ನು ಬಿಟ್ಟು.